ಊರಿಗೆ ಗ್ಯಾಸ್ ಬಾವಿ ಬಂದರೆ ಒಪ್ಪಬೇಕಾ, ಬೇಡವಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಕಲ್ಲಿದ್ದಲ ಪದರದ ಮೀಥೇನ್ ಮತ್ತು ಶೇಲ್ ಗ್ಯಾಸ್ ಬಗ್ಗೆ ಒಂದು ಪುಟ್ಟ ಬರಹ ಹಾಕಿದ್ದೆವು. ಹಳ್ಳಿಯವರು ಇಂಥ ಯೋಜನೆಗಳನ್ನು ಯಾಕೆ ಬೇಡ ಅನ್ನುತ್ತಾರೆ ಎಂದು ಕೊನೆಯಲ್ಲಿ ಕೇಳಿದ್ದೆವು. ಪತ್ರಗಳು ಚೆನ್ನಾಗಿಯೇ ಬಂದವು. ಕೆಲವು ಬೈಗುಳ, ಕೆಲವು ಒಳ್ಳೆಯ ಪ್ರಶ್ನೆ. ಬೈಗುಳ ನಮಗೇ ಇರಲಿ, ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು): ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದೂ ಗ್ಯಾಸೇ, ನಮ್ಮ ಜಿಲ್ಲೆಯಲ್ಲಿ ಪೈಪಿನಲ್ಲಿ ಹೋಗುವುದೂ ಗ್ಯಾಸೇ. ಈ ಹೊಸದು ಯಾವುದು ಮಾಷ್ಟ್ರೇ?

ಉತ್ತರ: ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಪೈಪಿನಲ್ಲಿ ಹೋಗುವುದು ಮೀಥೇನ್. ಅದು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ. ನಾವು ಮಾತಾಡುತ್ತಿರುವುದೂ ಮೀಥೇನೇ ಅಕ್ಕಾ. ಹೊಸದು ಏನಿದ್ದರೂ ಅದನ್ನು ತೆಗೆಯುವ ರೀತಿ.

ಹಳೆಯ ಬಗೆಯ ಗ್ಯಾಸ್ ಬೊಂಡದ ನೀರು, ಅಂದರೆ ಎಳನೀರು ಇದ್ದ ಹಾಗೆ. ತೂತು ಮಾಡಿದರೆ ಬಂತು. ಈ ಹೊಸ ಬಗೆಯದು ಕೊಬ್ಬರಿಯೊಳಗಿನ ಎಣ್ಣೆ, ಹಿಂಡದೆ ಬರುವುದಿಲ್ಲ. ಕಲ್ಲಿದ್ದಲ ಪದರದಲ್ಲಿ ನೀರಿನ ಒತ್ತಡದಿಂದ ಮೀಥೇನ್ ಕಲ್ಲಿಗೆ ಅಂಟಿಕೊಂಡಿರುತ್ತದೆ. ಆ ನೀರನ್ನು ಪಂಪು ಹಾಕಿ ಹೊರಗೆ ತೆಗೆದರೆ ಗ್ಯಾಸ್ ಬಿಡುತ್ತದೆ. ಹಾಗಾಗಿ ಶುರುವಿನ ತಿಂಗಳುಗಳಲ್ಲಿ ಗ್ಯಾಸಿಗಿಂತ ನೀರೇ ಜಾಸ್ತಿ ಬರುವುದು. ಶೇಲ್ ಅಂದರೆ ಪದರ ಪದರವಾಗಿ ಗಟ್ಟಿಯಾದ ಜೇಡಿಕಲ್ಲು. ಅದರಲ್ಲಿ ಬಾವಿಯನ್ನು ಕಿಲೋಮೀಟರ್‌ಗಟ್ಟಲೆ ಕೆಳಗೆ ಇಳಿಸಿ, ಆಮೇಲೆ ಅಡ್ಡಕ್ಕೆ ತಿರುಗಿಸಿ, ನೀರು ಮರಳು ಮತ್ತು ಸ್ವಲ್ಪ ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಫ್ರ್ಯಾಕಿಂಗ್ ಅನ್ನುವುದು ಇದಕ್ಕೇ.

ಊರವರಿಗೆ ಮುಖ್ಯವಾದ ವಿಷಯ ಇನ್ನೊಂದು. ಗ್ಯಾಸ್ ಕಲ್ಲಿಗೆ ಅಂಟಿಕೊಂಡಿರುವುದರಿಂದ ಒಂದು ಬಾವಿಗೆ ಬರುವುದು ಅದರ ಸುತ್ತಮುತ್ತಲಿನದ್ದು ಮಾತ್ರ, ಶೇಲ್‌ನಲ್ಲಂತೂ ಅದೂ ಬೇಗ ಇಳಿಯುತ್ತದೆ. ಆದ್ದರಿಂದ ಒಂದೆರಡು ಬಾವಿಯಲ್ಲಿ ಮುಗಿಯುವುದಿಲ್ಲ, ಸಾಲುಸಾಲಾಗಿ ಕೊರೆಯಬೇಕು. ಪ್ರತಿ ಬಾವಿಗೂ ಒಂದು ಸಮತಟ್ಟು ಜಾಗ, ಲಾರಿ ಹೋಗುವ ರಸ್ತೆ, ನೀರಿನ ಹೊಂಡ, ಪೈಪು. ಸಮುದ್ರದ ಮಧ್ಯೆ ಕೊರೆದರೆ ಯಾರ ಅಂಗಳಕ್ಕೂ ಹೋಗಬೇಕಾಗಿಲ್ಲ. ಇಲ್ಲಿ ಮನೆ ಮನೆಯ ಅಂಗಳಕ್ಕೆ ಬರಬೇಕು. ಜನರ ಒಪ್ಪಿಗೆ ಅನ್ನುವ ಮಾತು ಈ ಗ್ಯಾಸಿನಲ್ಲಿ ಇಷ್ಟು ದೊಡ್ಡದಾಗಿದ್ದು ಅದಕ್ಕೇ.

ಪ್ರಶ್ನೆ (ಕುಂಬಳೆ): ನಮ್ಮ ಕಾಸರಗೋಡಿನಲ್ಲೂ ಕೊರೆಯುತ್ತಾರಾ? ಈಗಲೇ ಹೇಳಿ, ಬೇಕಾದರೆ ಧರಣಿಗೆ ಪೆಂಡಾಲ್ ಬುಕ್ ಮಾಡುತ್ತೇವೆ.

ಉತ್ತರ: ಪೆಂಡಾಲನ್ನು ಮದುವೆಗೆ ಇಟ್ಟುಕೊಳ್ಳಿ. ನಮ್ಮಲ್ಲಿ ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಅದರ ಕೆಳಗೆ ಬಹುಪಾಲು ಕೋಟಿಗಟ್ಟಲೆ ವರ್ಷ ಹಳೆಯ ಗಟ್ಟಿ ಬಂಡೆ. ಮೀಥೇನ್ ಕೊಡುವಂಥ ಆಳದ ದಪ್ಪ ಕಲ್ಲಿದ್ದಲ ಪದರ ಇಲ್ಲಿಲ್ಲ. ನಮ್ಮ ಓದುಗರಿರುವ ಬೇರೆ ಕಡೆಯೂ ಅಷ್ಟೇ, ಹೊಸೂರು ಕಡೆಯದ್ದೂ ಗಟ್ಟಿ ಬಂಡೆಯೇ. ಸೊಲ್ಲಾಪುರದ ಕಡೆ ಮೇಲೆ ಇರುವುದು ಕಪ್ಪು ಬಸಾಲ್ಟ್. ದೇಶದಲ್ಲಿ ಕಲ್ಲಿದ್ದಲ ಮೀಥೇನಿಗೆ ನೀತಿ ಬಂದದ್ದು 1997ರಲ್ಲಿ. ಮಾರಾಟಕ್ಕೆ ಗ್ಯಾಸ್ ಮೊದಲು ಬಂದದ್ದು 2007ರಲ್ಲಿ, ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ. 2017ರಿಂದ ಮಧ್ಯಪ್ರದೇಶದ ಶಹಡೋಲ್ ಕಡೆಯೂ ಬರುತ್ತಿದೆ. ಶೇಲ್‌ಗೆ ಹುಡುಕಾಟ ನಡೆದದ್ದು ಗುಜರಾತಿನ ಖಂಭಾತ್, ಕೃಷ್ಣಾ-ಗೋದಾವರಿ, ಕಾವೇರಿ ಮುಖಜ ಭೂಮಿ ಇಂಥ ಕಡೆ.

ಹಾಗಂತ ಸುಮ್ನೆ ಕೂರುವ ಹಾಗಿಲ್ಲ. ಬಾವಿ ಬರದಿದ್ದರೂ ಪೈಪು ಬಂದಿದೆ ಅಲ್ವಾ? ಅದರ ಕಥೆ ಮುಂದೆ ಇದೆ.

ಪ್ರಶ್ನೆ (ಪೆರ್ಲ, ಎಂಜಿನಿಯರಿಂಗ್ ಓದುತ್ತಿರುವವರು): ನಮ್ಮ ಕಾಲೇಜಿಗೆ ಬಂದಿದ್ದ ಒಬ್ಬ ತಜ್ಞರು, ‘ಜನರಿಗೆ ವಿಜ್ಞಾನ ಗೊತ್ತಿಲ್ಲ, ಅದಕ್ಕೆ ಹೆದರುತ್ತಾರೆ, ತಿಳಿಹೇಳಿದರೆ ಸರಿಹೋಗುತ್ತದೆ’ ಎಂದರು. ನನಗೂ ಹಾಗೇ ಅನಿಸಿತು. ನೀವೇನು ಹೇಳುತ್ತೀರಿ?

ಉತ್ತರ: ನೀವು ಪೆರ್ಲದಿಂದ ಬರೆದಿದ್ದೀರಿ, ಅದೇ ದೊಡ್ಡ ಉತ್ತರ. ನಿಮ್ಮ ಅಜ್ಜಿಯನ್ನು ಕೇಳಿ. ನಿಮ್ಮ ಎಣ್ಮಕಜೆ ಪಂಚಾಯತಿನ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಹೆಲಿಕಾಪ್ಟರಿನಿಂದ. 1970ರ ದಶಕದ ಕೊನೆಗೆ ಶುರುವಾಗಿ 2000ದವರೆಗೆ ನಡೆಯಿತು. ತೋಟ ಗುಡ್ಡೆಯ ಮೇಲೆ, ಮನೆ, ಬಾವಿ, ತೋಡು (ಸಣ್ಣ ಹಳ್ಳ) ಎಲ್ಲ ಕೆಳಗೆ. ಬಾವಿಗೆ ಏನಾದರೂ ಮುಚ್ಚಿ ಅಂತ ಹೇಳಿ ಮುಗಿಸಿದರು. ಅಷ್ಟಗಲದ ಬಾವಿಗೆ ಏನು ಮುಚ್ಚುವುದು? ತೋಡಿಗೆ ಏನು ಮುಚ್ಚುವುದು? ಅದು ಸುರಕ್ಷಿತ ಅಂತ ಹೇಳಿದವರೂ ವಿಜ್ಞಾನ ಓದಿದವರೇ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಲ್ಲಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಅದೇ ಕೋರ್ಟ್ ಹೇಳಬೇಕಾಗಿ ಬಂದದ್ದು 2017ರಲ್ಲಿ. ಸಿಂಪಡಣೆ ನಿಂತು ಅಷ್ಟು ವರ್ಷ ಆದ ಮೇಲೆ.

ಹೀಗೆ ಒಂದು ಸಲ ಅನುಭವಿಸಿದ ಊರಿಗೆ ನಾಳೆ ಯಾರೋ ಒಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ‘ನಿಮ್ಮ ಕುಡಿಯುವ ನೀರಿಗೂ ನಮ್ಮ ಬಾವಿಗೂ ಮಧ್ಯೆ ಒಂದು ಕಿಲೋಮೀಟರ್ ಕಲ್ಲಿದೆ, ಏನೂ ಆಗುವುದಿಲ್ಲ’ ಎಂದರೆ, ಅದು ನಿಜವೇ ಆಗಿದ್ದರೂ ಜನ ಮೊದಲು ನೋಡುವುದು ಕಲ್ಲನ್ನಲ್ಲ, ಹೇಳುವವರ ಮುಖವನ್ನು. ಇವರು ನಾಳೆ ಸಿಗುತ್ತಾರಾ? ಏನಾದರೂ ಆದರೆ ಯಾರ ಬಾಗಿಲು ತಟ್ಟಬೇಕು? ಇದು ಅಜ್ಞಾನವಲ್ಲ, ಲೆಕ್ಕಾಚಾರ.

ನಾನು ಓದಿ ತಿಳಿದ ಮಟ್ಟಿಗೆ ಜನ ಒಪ್ಪುವುದು ಬಿಡುವುದು ಮೂರು ವಿಷಯದ ಮೇಲೆ ನಿಂತಿರುತ್ತದೆ. ನಮ್ಮನ್ನು ಮೊದಲೇ ಕೇಳಿದರಾ, ಅಥವಾ ಎಲ್ಲ ತೀರ್ಮಾನ ಆದ ಮೇಲೆ ತಿಳಿಸಿದರಾ? ಲಾಭ ಯಾರಿಗೆ, ಕಷ್ಟ ಯಾರಿಗೆ? ತಪ್ಪಾದರೆ ಹೊಣೆ ಯಾರದ್ದು? ಇವು ಮೂರೂ ಸರಿಯಿಲ್ಲದಿದ್ದರೆ ನೀವು ಎಷ್ಟು ಚಂದದ ಚಿತ್ರ ತೋರಿಸಿ ಪಾಠ ಮಾಡಿದರೂ ಅಷ್ಟೇ. ಪಾಠ ಬೇಡ ಅನ್ನುತ್ತಿಲ್ಲ. ಪಾಠದಿಂದ ಒಪ್ಪಿಗೆ ಹುಟ್ಟುತ್ತದೆ ಅನ್ನುವ ನಂಬಿಕೆ ಬೇಡ.

ಪ್ರಶ್ನೆ (ತಾಳವಾಡಿ, ಈರೋಡ್ ಜಿಲ್ಲೆ): ಕಾವೇರಿ ಕೆಳಗಿನ ಜಿಲ್ಲೆಗಳಲ್ಲಿ ಮೀಥೇನ್ ಅಂತ ದೊಡ್ಡ ಗಲಾಟೆ ಆಯಿತಲ್ಲ, ಅದು ಕೊನೆಗೆ ಏನಾಯಿತು? ನಾವು ಗುಡ್ಡದ ಮೇಲಿನವರು, ತಮಿಳು ಪೇಪರಿನಲ್ಲಿ ಅರ್ಧ ಓದಿ ಅರ್ಧ ಬಿಟ್ಟೆವು.

ಉತ್ತರ: ಮನ್ನಾರ್‌ಗುಡಿ ಬ್ಲಾಕ್ ಅಂತ ಅದಕ್ಕೆ ಹೆಸರು. ತಿರುವಾರೂರು, ತಂಜಾವೂರು ಜಿಲ್ಲೆಗಳಲ್ಲಿ ಒಟ್ಟು 691 ಚದರ ಕಿಲೋಮೀಟರ್. 2010ರಲ್ಲಿ ಗುತ್ತಿಗೆ ಆಯಿತು. ಅದು ಭತ್ತದ ಬಯಲು. ಕಲ್ಲಿದ್ದಲ ಪದರದ ನೀರು ಮೇಲಕ್ಕೆ ತೆಗೆದರೆ ನಮ್ಮ ಅಂತರ್ಜಲ ಏನಾಗುತ್ತದೆ, ಆ ಉಪ್ಪುನೀರನ್ನು ಎಲ್ಲಿ ಬಿಡುತ್ತೀರಿ ಎಂದು ರೈತರು ಕೇಳಿದರು. ಸಮಾಧಾನ ಆಗುವ ಉತ್ತರ ಬರಲಿಲ್ಲ. ಸಹಜ ಕೃಷಿಯ ನಮ್ಮಾಳ್ವಾರ್ ಊರೂರು ತಿರುಗಿ ಜನರನ್ನು ಸೇರಿಸಿದರು. ಆ ಓಡಾಟದ ನಡುವೆಯೇ 2013ರ ಡಿಸೆಂಬರ್ ಕೊನೆಗೆ ತೀರಿಕೊಂಡರು. 2013ರಲ್ಲಿ ರಾಜ್ಯ ಸರ್ಕಾರ ಯೋಜನೆಯನ್ನು ತಡೆದು ಸಮಿತಿ ಮಾಡಿತು. 2015ರಲ್ಲಿ ಬೇಡವೇ ಬೇಡ ಅಂದಿತು.

ಅಲ್ಲಿಗೆ ಮುಗಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಪುದುಕೋಟೈ ಜಿಲ್ಲೆಯ ನೆಡುವಾಸಲ್ ಎದ್ದು ನಿಂತಿತು. ಅಲ್ಲಿನ ಗುತ್ತಿಗೆ ಸಿಕ್ಕಿದ್ದು ಕರ್ನಾಟಕದ ಒಂದು ಕಂಪನಿಗೆ ಅನ್ನುವುದು ನಮಗೆ ನೆನಪಿರಬೇಕು. ಇದು ಮೀಥೇನ್ ಯೋಜನೆ ಅಲ್ಲ, ಮೊದಲೇ ಸಿಕ್ಕಿರುವ ಸಣ್ಣ ಎಣ್ಣೆ-ಗ್ಯಾಸ್ ನಿಕ್ಷೇಪ ಅಷ್ಟೇ ಎಂದು ಕೇಂದ್ರದವರು ಹೇಳಿದರು. ತಾಂತ್ರಿಕವಾಗಿ ಅದು ಸರಿಯೇ. ಆದರೆ ಆ ಹೊತ್ತಿಗೆ ನಿಯಮ ಬದಲಾಗಿತ್ತು. ಒಂದೇ ಲೈಸೆನ್ಸಿನಲ್ಲಿ ಹಳೆಯ ಬಗೆ, ಹೊಸ ಬಗೆ ಯಾವುದನ್ನು ಬೇಕಾದರೂ ತೆಗೆಯಬಹುದು. ಹಾಗಿರುವಾಗ ‘ಇವತ್ತು ಇದು, ನಾಳೆ ಅದು’ ಅಂತ ಜನ ಅನುಮಾನಪಟ್ಟರೆ ತಪ್ಪೇನು? 2020ರಲ್ಲಿ ತಮಿಳುನಾಡು ವಿಧಾನಸಭೆ ಕಾವೇರಿ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯ ಅಂತ ಕಾನೂನು ಮಾಡಿತು. ಎಣ್ಣೆ, ನೈಸರ್ಗಿಕ ಅನಿಲ, ಕಲ್ಲಿದ್ದಲ ಮೀಥೇನ್, ಶೇಲ್ ಎಲ್ಲದರ ಹೊಸ ಹುಡುಕಾಟವೂ ಅಲ್ಲಿ ಬಂದ್. ಮೊದಲೇ ಇದ್ದ ಬಾವಿಗಳನ್ನು ಮಾತ್ರ ಮುಟ್ಟಲಿಲ್ಲ. ಆ ಭಾಗದ ರೈತರು ಈಗಲೂ ಅದನ್ನು ಎತ್ತಿ ಹೇಳುತ್ತಾರೆ.

ಪ್ರಶ್ನೆ (ಡೆಂಕಣಿಕೋಟೆ, ಕೃಷ್ಣಗಿರಿ ಜಿಲ್ಲೆ): ಸರ್, ಬಾವಿ ಬೇರೆ ಕಡೆ, ಪೈಪು ಮಾತ್ರ ನಮ್ಮ ಹೊಲದಲ್ಲಿ. ಜಾಗ ನಿಮ್ಮದೇ ಅನ್ನುತ್ತಾರೆ, ಮಾವಿನ ಗಿಡ ಮಾತ್ರ ನೆಡಬಾರದಂತೆ. ಇದೆಂಥ ನಿಮ್ಮದೇ?

ಉತ್ತರ: ಒಳ್ಳೆಯ ಪ್ರಶ್ನೆ. ಇದಕ್ಕೆ 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆ ಅಂತ ಇದೆ. ಅದರ ಪ್ರಕಾರ ಅವರು ತೆಗೆದುಕೊಳ್ಳುವುದು ಜಾಗವನ್ನಲ್ಲ, ಜಾಗದ ಅಡಿ ಪೈಪು ಹಾಕುವ ಬಳಕೆಯ ಹಕ್ಕನ್ನು. ಪಹಣಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಆದರೆ ಪೈಪು ಹೋಗುವ ಆ ನೆಲದ ಪಟ್ಟಿಯಲ್ಲಿ ಮನೆ ಕಟ್ಟಬಾರದು, ಬಾವಿ ಕೆರೆ ತೋಡಬಾರದು, ಮರ ನೆಡಬಾರದು. ರಾಗಿ ಬೆಳೆಯಬಹುದು, ಮಾವು ಆಗದು. ಇದಕ್ಕೆ ಕಾಯ್ದೆ ಕೊಡಿಸುವುದು ಬೆಳೆ ಮತ್ತು ಮರಗಳ ನಷ್ಟ, ಅದರ ಮೇಲೆ ಜಾಗದ ಮಾರುಕಟ್ಟೆ ಬೆಲೆಯ 10%. ಹೌದು, ಹತ್ತು. ಮುಂದೆ ಮನೆ ಕಟ್ಟಲಾಗದ, ತೋಟ ಮಾಡಲಾಗದ, ಬ್ಯಾಂಕಿನವರು ಮೂಗು ಮುರಿಯುವ ಜಾಗಕ್ಕೆ ಹತ್ತು ಪರ್ಸೆಂಟ್ ಕೊಟ್ಟು ‘ಜಾಗ ನಿಮ್ಮದೇ’ ಅಂದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಕೊಚ್ಚಿ-ಬೆಂಗಳೂರು ಗ್ಯಾಸ್ ಪೈಪನ್ನು ಹೆದ್ದಾರಿ ಬದಿಯಲ್ಲಿ ಹಾಕಿ ಎಂದು ನಿಮ್ಮ ಕಡೆಯ ಏಳು ಜಿಲ್ಲೆಗಳ ರೈತರು ಹೇಳಿದರು. 2013ರಲ್ಲಿ ತಮಿಳುನಾಡು ಸರ್ಕಾರವೂ ಅದನ್ನೇ ಹೇಳಿತು. ವಿಷಯ ಕೋರ್ಟಿಗೆ ಹೋಗಿ 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪೈಪಿನ ಪರವಾಗಿ ತೀರ್ಪು ಕೊಟ್ಟಿತು. ಪೈಪಿನವರು ಕಾನೂನಿನಲ್ಲಿ ಗೆದ್ದರು ಸರಿ. ಹೊಲಕ್ಕೆ ಕಾಲಿಡುವಾಗ ಆ ತೀರ್ಪನ್ನು ತೋರಿಸಿದರೆ ಜನ ನಗುತ್ತಾ ಬಾಗಿಲು ತೆಗೆಯುತ್ತಾರಾ?

ಈಗ ನಮ್ಮ ಕಡೆಯ ಕಥೆ. ಕೊಚ್ಚಿ-ಮಂಗಳೂರು ಪೈಪು 450 ಕಿಲೋಮೀಟರ್, ಕಾಸರಗೋಡನ್ನು ಹಾದು ಹೋಗುತ್ತದೆ. ಅದಕ್ಕೆ ದೊಡ್ಡ ವಿರೋಧ 2017ರ ನವೆಂಬರ್‌ನಲ್ಲಿ ಕೋಝಿಕ್ಕೋಡಿನ ಮುಕ್ಕಂನಲ್ಲಿ ನಡೆಯಿತು, ಲಾಠಿ ಏಟೂ ಬಿತ್ತು. ಆಮೇಲೆ ಕೇರಳ ಸರ್ಕಾರ ಪರಿಹಾರ ಹೆಚ್ಚಿಸಿತು. 10 ಸೆಂಟ್ಸ್‌ವರೆಗೆ ಮಾತ್ರ ಜಾಗ ಇರುವವರಿಗೆ 5 ಲಕ್ಷ ವಿಶೇಷ ನೆರವು, ಅವರ ಜಾಗದಲ್ಲಿ ಪಟ್ಟಿಯ ಅಗಲ 2 ಮೀಟರಿಗೆ ಇಳಿಕೆ, ಮನೆ ಕಟ್ಟಲು ಅವಕಾಶ. ಕೊನೆಗೆ ಉಳಿದದ್ದು ಚಂದ್ರಗಿರಿ ಹೊಳೆ ದಾಟಿಸುವ ಕೆಲಸ. ಅದೂ ಮುಗಿದು 2021ರ ಜನವರಿ 5ರಂದು ಪೈಪು ಉದ್ಘಾಟನೆ ಆಯಿತು. ನನ್ನ ಪ್ರಶ್ನೆ ಇಷ್ಟೇ. 2 ಮೀಟರಿನಲ್ಲಿ ಆಗುವ ಕೆಲಸವನ್ನು ಲಾಠಿ ಬೀಳುವ ಮೊದಲೇ 2 ಮೀಟರಿನಲ್ಲಿ ಮಾಡುತ್ತೇವೆ ಅಂತ ಹೇಳಲು ಏನು ಕಷ್ಟವಿತ್ತು? ಗಲಾಟೆ ಮಾಡಿದರೆ ಮಾತ್ರ ಕೊಡುತ್ತಾರೆ ಅನ್ನುವ ಪಾಠವನ್ನು ಜನರಿಗೆ ಕಲಿಸುವುದು ಸರ್ಕಾರವೇ.

ಒಂದು ಉಪಯೋಗದ ಮಾತು. ಕಾಯ್ದೆಯಡಿ ಮೊದಲ ಅಧಿಸೂಚನೆ ಬಂದ ಮೇಲೆ ಆಕ್ಷೇಪ ಕೊಡಲು ಇರುವುದು 21 ದಿನ. ಬರವಣಿಗೆಯಲ್ಲೇ ಕೊಡಬೇಕು. ಪರಿಹಾರದ ಮೊತ್ತ ಒಪ್ಪದಿದ್ದರೆ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬಹುದು.

ಪ್ರಶ್ನೆ (ಮಂಜೇಶ್ವರ): ಬರುವ ನೋಟೀಸೆಲ್ಲ ಮಲಯಾಳ ಇಲ್ಲವೇ ಇಂಗ್ಲಿಷ್. ನನ್ನ ಅಪ್ಪನಿಗೆ ಎರಡೂ ಬಾರದು. 21 ದಿನ ಓದಿಸಿಕೊಳ್ಳುವುದರಲ್ಲೇ ಹೋಯಿತು.

ಉತ್ತರ: ಕೇರಳದ 1969ರ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸ್ಪಷ್ಟವಾದ ಹಕ್ಕಿದೆ. ಸೆಕ್ರೆಟೇರಿಯೆಟ್‌ಗೆ, ಇಲಾಖೆ ಮುಖ್ಯಸ್ಥರ ಕಚೇರಿಗೆ, ಕನ್ನಡಿಗರು ಜಾಸ್ತಿ ಇರುವ ಕಡೆಯ ಸ್ಥಳೀಯ ಸರ್ಕಾರಿ ಕಚೇರಿಗೆ ನೀವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದ್ದರಿಂದ ಅಪ್ಪನ ಹೆಸರಿನಲ್ಲಿ ವಿಲೇಜ್ ಆಫೀಸಿಗೂ ಕಲೆಕ್ಟರೇಟಿಗೂ ಕನ್ನಡದಲ್ಲೇ ಅರ್ಜಿ ಕೊಡಿ. ನೋಟೀಸಿನ ಕನ್ನಡ ಪ್ರತಿ ಕೇಳಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ನೋಡಿ, ಓದಲಾರದ ಕಾಗದಕ್ಕೆ ಯಾರೂ ಆಕ್ಷೇಪ ಹಾಕುವುದಿಲ್ಲ. ಆಮೇಲೆ ಫೈಲಿನಲ್ಲಿ ‘ಆಕ್ಷೇಪಣೆ ಬಂದಿಲ್ಲ’ ಅಂತ ಬರೆಯುತ್ತಾರೆ. ಅದು ಒಪ್ಪಿಗೆಯ ಲೆಕ್ಕಕ್ಕೆ ಸೇರುತ್ತದೆ. ಇಂಥ ಒಪ್ಪಿಗೆಯ ಮೇಲೆ ಯೋಜನೆ ಕಟ್ಟಿದರೆ ಮೊದಲ ಜೆಸಿಬಿ ಬಂದ ದಿನವೇ ಜಗಳ.

ಪ್ರಶ್ನೆ (ಅಕ್ಕಲಕೋಟೆ): ನಮ್ಮ ಕಡೆ ಬೇಸಿಗೆ ಬಂತೆಂದರೆ ಟ್ಯಾಂಕರೇ ದೇವರು. ಶೇಲ್ ಬಾವಿಗೆ ನೀರು ಎಷ್ಟು ಬೇಕು ಸರ್?

ಉತ್ತರ: ಒಂದೊಂದು ಬಾವಿಗೆ ಒಂದು ಕೋಟಿ ಲೀಟರಿಗಿಂತ ಹೆಚ್ಚು ನೀರು ಬೇಕಾಗುವುದು ಮಾಮೂಲು. ನಿಮ್ಮ ಭಾಷೆಯಲ್ಲೇ ಲೆಕ್ಕ ಹಾಕೋಣ. 12,000 ಲೀಟರಿನ ಟ್ಯಾಂಕರ್ ಅಂತ ಹಿಡಿದರೆ 830ಕ್ಕೂ ಹೆಚ್ಚು ಟ್ಯಾಂಕರ್. ಅದೂ ಒಂದು ಬಾವಿಗೆ. ಅಮೆರಿಕದಲ್ಲಿ ಹಲವು ಊರಿನವರು ಮೊದಲು ಗೊಣಗಿದ್ದು ಫ್ರ್ಯಾಕಿಂಗ್ ಬಗ್ಗೆ ಅಲ್ಲ, ಹಗಲು ರಾತ್ರಿ ಓಡಾಡುವ ಲಾರಿಗಳ ಬಗ್ಗೆ. ಹಾಕಿದ ನೀರಿನಲ್ಲಿ ಒಂದು ಪಾಲು ಉಪ್ಪು ಮತ್ತು ರಾಸಾಯನಿಕ ಸಮೇತ ವಾಪಸ್ ಬರುತ್ತದೆ. ಅದನ್ನು ಶುದ್ಧ ಮಾಡಬೇಕು ಅಥವಾ ಆಳದ ಬಾವಿಗೆ ತಳ್ಳಬೇಕು. ಹಾಗೆ ತಳ್ಳಿದ್ದರಿಂದಲೇ ಒಕ್ಲಹೋಮಾದಲ್ಲಿ ಭೂಕಂಪ ಜಾಸ್ತಿಯಾಯಿತು. ಟ್ಯಾಂಕರಿಗೆ ಕಾಯುವ ಊರಿನಲ್ಲಿ ಈ ಲೆಕ್ಕವನ್ನು ಯಾರಾದರೂ ಗ್ರಾಮಸಭೆಯ ಮುಂದೆ ಇಟ್ಟು ಹೌದು ಅನ್ನಿಸಿಕೊಳ್ಳಲಿ, ಆಗ ನೋಡೋಣ.

ಪ್ರಶ್ನೆ (ಬಾಯಾರು): ನಮ್ಮ ಮನೆಗೆ, ತೋಟಕ್ಕೆ ಸುರಂಗದ ನೀರೇ. ಇಂಥ ಬಾವಿ ಕೊರೆದರೆ ಸುರಂಗ ಬತ್ತುತ್ತದೆಯೇ? ಇಲ್ಲಿ ಕೊರೆಯುವುದಿಲ್ಲ ಅಂತ ನೀವು ಹೇಳಬಹುದು, ಆದರೂ ತಿಳಿಯುವ ಆಸೆ.

ಉತ್ತರ: ಸುರಂಗ ಕಂಡಿರದ ಓದುಗರಿಗೆ ಒಂದು ಮಾತು. ಗುಡ್ಡೆಯ ಮುರಕಲ್ಲಿಗೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಡ್ಡ ತೂತು. ಒಳಗೆ ಒಸರುವ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಮಳೆನೀರು ಗುಡ್ಡೆಯಲ್ಲಿ ನಿಲ್ಲುವ ಮೇಲಿನ ಪದರವನ್ನೇ ಅದು ನಂಬಿಕೊಂಡಿರುವುದು. ಅದನ್ನು ಕೆಡಿಸಲು ಗ್ಯಾಸ್ ಬಾವಿಯೇ ಬೇಕಾಗಿಲ್ಲ. ಗುಡ್ಡೆ ನೆಲಸಮ ಮಾಡಿದರೆ, ಪಕ್ಕದಲ್ಲಿ ಆಳದ ಬೋರ್‌ವೆಲ್ ಕೊರೆದರೆ ಸಾಕು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಗ್ಯಾಸ್ ಬಾವಿಯ ವಿಷಯದಲ್ಲಿ ಕಿಲೋಮೀಟರ್ ಆಳದ ಸೀಳು ಮೇಲಿನವರೆಗೆ ಬಂದು ನೀರು ಕೆಡಿಸುವುದು ಅಪರೂಪ. ತೊಂದರೆ ಜಾಸ್ತಿ ಬರುವುದು ಬಾವಿಯ ಗೋಡೆಯಿಂದ. ಕೊಳವೆಯ ಸುತ್ತ ಹಾಕಿದ ಸಿಮೆಂಟು ಸರಿಯಾಗಿ ಕೂರದಿದ್ದರೆ ಆ ಸಂದಿಯಲ್ಲೇ ಗ್ಯಾಸ್ ಹತ್ತಿ ಬಂದು ಕುಡಿಯುವ ನೀರಿನ ಪದರ ಸೇರುತ್ತದೆ. ಇನ್ನೊಂದು, ಮೇಲೆ ಹೊಂಡದಲ್ಲಿ ಇಟ್ಟ ಕೊಳಕು ನೀರು ಸೋರುವುದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡಿಮಾಕ್ ಅನ್ನುವ ಹಳ್ಳಿಯಲ್ಲಿ 2009ರ ಹೊಸ ವರ್ಷದ ದಿನ ಒಂದು ಮನೆಯ ನೀರಿನ ಬಾವಿ ಸಿಡಿಯಿತು. ಒಳಗೆ ಸೇರಿಕೊಂಡಿದ್ದ ಮೀಥೇನ್ ಹೊತ್ತಿಕೊಂಡು, ಬಾವಿಯ ಮೇಲಿದ್ದ ಕಾಂಕ್ರೀಟ್ ಚಪ್ಪಡಿ ಒಡೆದುಹೋಯಿತು. ಆಮೇಲೆ ಶುರುವಾಯಿತು ವಾದ. ಇದು ನಮ್ಮ ಬಾವಿಯ ಗ್ಯಾಸಲ್ಲ, ಈ ನೆಲದಲ್ಲಿ ಮೊದಲಿಂದಲೂ ಇತ್ತು ಎಂದರು ಕಂಪನಿಯವರು. ಇರಲಿಲ್ಲ ಎಂದರು ಊರವರು. ನೀರಿನಲ್ಲಿ ಮೊದಲು ಎಷ್ಟು ಮೀಥೇನ್ ಇತ್ತು ಅನ್ನುವ ಲೆಕ್ಕ ಕೈಯಲ್ಲಿದ್ದಿದ್ದರೆ ವಾದ ಅಷ್ಟು ಉದ್ದ ಹೋಗುತ್ತಿರಲಿಲ್ಲ. ಕಂಪನಿ ಕೋರ್ಟಿನಲ್ಲಿ ಆರೋಪಕ್ಕೆ ಎದುರು ವಾದಿಸದೆ ಕೈಬಿಟ್ಟದ್ದು 2022ರಲ್ಲಿ.

ಅದೇ ರಾಜ್ಯ 2012ರಲ್ಲಿ ಒಂದು ನಿಯಮ ತಂದಿತು, ನನಗೆ ಬಹಳ ಹಿಡಿಸಿದ್ದು. ಇಂಥ ಗ್ಯಾಸ್ ಬಾವಿಯಿಂದ 2,500 ಅಡಿ ಒಳಗೆ, ಕೆಲಸ ಮುಗಿದ 12 ತಿಂಗಳೊಳಗೆ ಯಾರದ್ದಾದರೂ ನೀರು ಕೆಟ್ಟರೆ ಅದು ಕಂಪನಿಯಿಂದಲೇ ಆದದ್ದು ಅಂತ ಮೊದಲೇ ಊಹಿಸುತ್ತಾರೆ. ಅಲ್ಲ ಅಂತ ತೋರಿಸುವ ಕೆಲಸ ಕಂಪನಿಯದು. ಇದರಿಂದ ಏನಾಯಿತು ಗೊತ್ತಾ? ಕೊರೆಯುವ ಮೊದಲು ಸುತ್ತಲಿನ ಬಾವಿಗಳ ನೀರು ಪರೀಕ್ಷೆ ಮಾಡಿಸಿಡುವುದು ಕಂಪನಿಗೇ ಬೇಕಾದ ಕೆಲಸವಾಯಿತು. ಸುರಂಗದ ನೀರು ಕಾಯುವವರಿಗೂ ಇದೇ ಮದ್ದು. ಮಳೆಗಾಲದಲ್ಲಿ ಎಷ್ಟು ಹರಿಯುತ್ತದೆ, ಏಪ್ರಿಲ್‌ನಲ್ಲಿ ಎಷ್ಟು ಅಂತ ಒಂದು ಕೊಡಪಾನ ತುಂಬುವ ಹೊತ್ತು ಅಳೆದು ಡೈರಿಯಲ್ಲಿ ಬರೆದಿಡಿ. ನೀರಿನ ಪರೀಕ್ಷೆ ಒಂದು ಸಲ ಮಾಡಿಸಿ ರಿಪೋರ್ಟ್ ತೆಗೆದಿಡಿ. ಗ್ಯಾಸಿಗಲ್ಲದಿದ್ದರೂ ನಾಳೆ ಬರುವ ಕೋರೆಗೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ (ಮುಳ್ಳೇರಿಯ): ಗ್ಯಾಸ್ ಬಂದರೆ ಊರಿನ ಹುಡುಗರಿಗೆ ಕೆಲಸ ಸಿಗುತ್ತದಲ್ಲ?

ಉತ್ತರ: ಕೊರೆಯುವ ತಂಡ ಹೊರಗಿನಿಂದ ಬರುತ್ತದೆ, ಕೊರೆದು ಹೋಗುತ್ತದೆ. ಆಮೇಲೆ ಬಾವಿಗೆ ಬೇಕಾಗುವುದು ಒಂದು ಬೇಲಿ, ಒಬ್ಬ ಕಾವಲುಗಾರ.

ಪ್ರಶ್ನೆ (ಮಡಕಶಿರಾ): ನಮ್ಮ ಹೊಲದ ಅಡಿಯಲ್ಲಿ ಸಿಕ್ಕಿದರೆ ಅಮೆರಿಕದವರ ಹಾಗೆ ನಾವೂ ಶ್ರೀಮಂತರಾಗುತ್ತೇವಾ ಅಣ್ಣಾ?

ಉತ್ತರ: ಕನಸಿಗೆ ಕಾಸಿಲ್ಲ, ಕಾಣಿ. ಅಮೆರಿಕದಲ್ಲಿ ಹೆಚ್ಚಿನ ಕಡೆ ಜಾಗದ ಜೊತೆ ನೆಲದಡಿಯ ಹಕ್ಕೂ ಖಾಸಗಿಯವರ ಕೈಯಲ್ಲಿ ಇರಬಹುದು. ಪೆನ್ಸಿಲ್ವೇನಿಯಾದಲ್ಲಿ ಆ ಹಕ್ಕು ಇರುವವರಿಗೆ ಕಡಿಮೆ ಅಂದರೆ ಎಂಟನೇ ಒಂದು ಪಾಲು ರಾಯಲ್ಟಿ ಕೊಡಬೇಕು ಅಂತ ಕಾನೂನೇ ಇದೆ. ಅಲ್ಲಿನ ಎಷ್ಟೋ ರೈತರು ಖುಷಿಯಿಂದ ಸಹಿ ಹಾಕಿದ್ದು ಸುಮ್ನೆ ಅಲ್ಲ. ನಮ್ಮಲ್ಲಿ ನೆಲದಡಿಯ ಎಣ್ಣೆ-ಗ್ಯಾಸ್ ಸರ್ಕಾರದ್ದು. ರಾಯಲ್ಟಿ ರಾಜ್ಯದ ಖಜಾನೆಗೆ. ಹೊಲದವನಿಗೆ ಸಿಗುವುದು ಮೇಲ್ಮೈಯ ಬಾಡಿಗೆ, ಬೆಳೆ ನಷ್ಟ. ಕಬ್ಬಿಣದ ಅದಿರು ತೆಗೆದರೆ ಜಿಲ್ಲಾ ಖನಿಜ ನಿಧಿಗೆ ದುಡ್ಡು ಬರುತ್ತದೆ, ಎಣ್ಣೆ-ಗ್ಯಾಸಿಗೆ ಆ ನಿಧಿ ಅನ್ವಯಿಸುವುದೇ ಇಲ್ಲ. ಲಾರಿ ಓಡುವುದು ನಮ್ಮ ರಸ್ತೆಯಲ್ಲಿ, ದುಡ್ಡು ಹೋಗುವುದು ರಾಜಧಾನಿಗೆ. ರಾಯಲ್ಟಿಯಲ್ಲಿ ಒಂದು ಪಾಲು ಪಂಚಾಯತಿಗೆ ಅಂತ ಕಾನೂನಿನಲ್ಲೇ ಬರೆಯುವವರೆಗೆ ‘ದೇಶಕ್ಕಾಗಿ ಒಪ್ಪಿ’ ಅನ್ನುವ ಮಾತಿಗೆ ತೂಕ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ (ಹೊಸೂರು, ಕಾರ್ಖಾನೆ ನೌಕರರು): ಎಲ್ಲದಕ್ಕೂ ಬೇಡ ಬೇಡ ಅನ್ನುವವರ ಮನೆಯಲ್ಲಿ ಸೌದೆ ಒಲೆ ಇದೆಯಾ? ಗ್ಯಾಸ್ ಬೇಕು, ಬಾವಿ ಬೇಡ. ಇದು ನ್ಯಾಯವಾ?

ಉತ್ತರ: ನ್ಯಾಯವಲ್ಲ, ಒಪ್ಪಿದೆ. ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಹೊರಗಿನಿಂದ ಬರುತ್ತದೆ. 2018ರಿಂದ ಅಮೆರಿಕದ ಗ್ಯಾಸ್ ದೀರ್ಘಾವಧಿ ಒಪ್ಪಂದದಲ್ಲಿ ಹಡಗಿನಲ್ಲಿ ಬರುತ್ತಿದೆ, ಮೊದಲ ಹಡಗು ಬಂದದ್ದು ಮಹಾರಾಷ್ಟ್ರದ ದಾಭೋಳ್‌ಗೆ. ಅಮೆರಿಕ ಈಗ ತೆಗೆಯುವುದರಲ್ಲಿ ಬಹುಪಾಲು ಶೇಲ್ ಗ್ಯಾಸೇ. ಅಂದರೆ ಯಾವುದೋ ಹಳ್ಳಿಯವರ ಬಾವಿಯ ಪಕ್ಕ ಕೊರೆದದ್ದನ್ನು ನಾವು ಇಲ್ಲಿ ಉರಿಸುತ್ತಿದ್ದೇವೆ. ಕಲ್ಲಿದ್ದಲು ಉರಿಸುವುದಕ್ಕಿಂತ ಗ್ಯಾಸ್ ಉರಿಸಿದರೆ ಭೂಮಿಯ ಬಿಸಿ ಏರಿಸುವ ಹೊಗೆ ಕಡಿಮೆ ಅನ್ನುವುದೂ ನಿಜ, ದಾರಿಯಲ್ಲಿ ಮೀಥೇನ್ ಸೋರಿದರೆ ಅದೂ ಬಿಸಿ ಏರಿಸುವುದರಿಂದ ಆ ಲಾಭ ಕರಗುತ್ತದೆ ಅನ್ನುವುದೂ ನಿಜ. ಆದ್ದರಿಂದ ಎಲ್ಲ ಕಡೆಯೂ ಬೇಡ ಅನ್ನುವವನು ನಾನಲ್ಲ. ಆದರೆ ‘ನೀನು ಗ್ಯಾಸ್ ಉರಿಸುತ್ತೀಯ, ಅದಕ್ಕೆ ನೀನು ಪ್ರಶ್ನೆ ಕೇಳಬಾರದು’ ಅನ್ನುವ ವಾದವನ್ನೂ ಒಪ್ಪುವುದಿಲ್ಲ. ಅನ್ನ ಉಣ್ಣುವವರೆಲ್ಲ ತಮ್ಮ ಗದ್ದೆ ಬಿಟ್ಟುಕೊಡಬೇಕು ಅಂತ ಯಾರೂ ಹೇಳುವುದಿಲ್ಲವಲ್ಲ.

ಪ್ರಶ್ನೆ (ಕುಂಬಳೆಯಿಂದ ಇನ್ನೊಬ್ಬರು): ಪಂಚಾಯತು ಬೇಡ ಅಂದರೆ ನಿಲ್ಲುತ್ತದಾ?

ಉತ್ತರ: ಒಂದೊಂದು ಕಡೆ ಒಂದೊಂದು ಥರ. ಪಾಲಕ್ಕಾಡಿನ ಪೆರುಮಾಟ್ಟಿ ಪಂಚಾಯತು ಪ್ಲಾಚಿಮಡದ ಕೋಲಾ ಕಾರ್ಖಾನೆಗೆ 2003ರಲ್ಲಿ ಲೈಸೆನ್ಸ್ ನವೀಕರಿಸಲಿಲ್ಲ, 2004ರಲ್ಲಿ ಕಾರ್ಖಾನೆ ನಿಂತಿತು. ಅದು ಕೋಲಾ. ಎಣ್ಣೆ-ಗ್ಯಾಸ್ ಕೇಂದ್ರದ ಪಟ್ಟಿಯಲ್ಲಿದೆ. ಅದರ ಮೇಲೆ 2020ರ ಜನವರಿಯಲ್ಲಿ ಪರಿಸರ ನಿಯಮ ತಿದ್ದಿ, ಹುಡುಕಾಟದ ಹಂತದ ಕೊರೆತಕ್ಕೆ ಸಾರ್ವಜನಿಕ ಅಹವಾಲು ಬೇಡ ಅಂತ ಮಾಡಿದರು. ನನ್ನ ಪ್ರಕಾರ ಜನರ ಒಪ್ಪಿಗೆಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಮೊದಲ ಬಾವಿ ಕೊರೆಯುವಾಗ ಕೇಳದೆ, ಗ್ಯಾಸ್ ಸಿಕ್ಕಿ ದುಡ್ಡು ಹಾಕಿದ ಮೇಲೆ ಅಹವಾಲು ಕೇಳಲು ಶಾಮಿಯಾನ ಹಾಕಿದರೆ ಅಲ್ಲಿ ಹೇಳುವುದಕ್ಕೆ ಏನು ಉಳಿದಿರುತ್ತದೆ?

ಅಮೆರಿಕದಲ್ಲೂ ಇದೇ ಜಗ್ಗಾಟ. ನ್ಯೂಯಾರ್ಕ್ ರಾಜ್ಯದ ಡ್ರೈಡನ್ ಅನ್ನುವ ಸಣ್ಣ ಊರು ತನ್ನ ಮಿತಿಯಲ್ಲಿ ಕೊರೆತ ಬೇಡ ಎಂದಿತು, 2014ರಲ್ಲಿ ಅಲ್ಲಿನ ಮೇಲಿನ ಕೋರ್ಟ್ ಊರಿಗೆ ಆ ಹಕ್ಕಿದೆ ಎಂದಿತು. ಅದೇ ವರ್ಷ ಟೆಕ್ಸಸ್‌ನ ಡೆಂಟನ್‌ನಲ್ಲಿ ಜನ ಓಟು ಹಾಕಿ ಫ್ರ್ಯಾಕಿಂಗ್ ನಿಲ್ಲಿಸಿದರು. 2015ರಲ್ಲಿ ರಾಜ್ಯ ಕಾನೂನು ಮಾಡಿ ಊರಿನ ಆ ಅಧಿಕಾರವನ್ನೇ ಕಿತ್ತುಕೊಂಡಿತು. ಆದರೂ ಗ್ರಾಮಸಭೆಯ ನಿರ್ಣಯ ಮಾಡಿ. ಕಾನೂನಿನಲ್ಲಿ ಅದಕ್ಕೆ ಬಲ ಕಡಿಮೆ ಇರಬಹುದು, ಕೋರ್ಟಿನಲ್ಲಿ, ವಿಧಾನಸಭೆಯಲ್ಲಿ ಕಾಗದ ಇಲ್ಲದ ಕೂಗಿಗೆ ಇನ್ನೂ ಕಡಿಮೆ.

ಪ್ರಶ್ನೆ (ಹೆಸರು, ಊರು ಎರಡೂ ಬೇಡ ಎಂದಿದ್ದಾರೆ): ಪೈಪಿನ ವಿಷಯದಲ್ಲಿ ನಾನು ಸಹಿ ಹಾಕಲಿಲ್ಲ, ಪಕ್ಕದ ಮನೆಯ ದೊಡ್ಡಪ್ಪ ಹಾಕಿದರು. ಅವರಿಗೆ ಮಗಳ ಮದುವೆಯ ಖರ್ಚಿತ್ತು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ತಪ್ಪು ಯಾರದ್ದು?

ಉತ್ತರ: ಇಬ್ಬರದ್ದೂ ಅಲ್ಲ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ, ‘ಅವರು ಹಾಕಿದ್ದಾರೆ, ನೀವೊಬ್ಬರೇ ಬಾಕಿ’ ಎಂದು ಸಹಿ ಹಾಕಿಸುವ ಪದ್ಧತಿಯದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಲ್ಲಿದ್ದಲ ಗ್ಯಾಸ್ ಬಂದಾಗ ರೈತರ ಊರುಗಳಲ್ಲೂ ಹೀಗೇ ಮನೆ ಮನೆಗೆ ಬೇರೆ ಬೇರೆ ಒಪ್ಪಂದ, ಯಾರಿಗೆ ಎಷ್ಟು ಅಂತ ಗುಟ್ಟು. ಗುಟ್ಟು ಇದ್ದಲ್ಲಿ ಅನುಮಾನ ಇದ್ದದ್ದೇ. ಅಲ್ಲಿ ಆಮೇಲೆ ಕಾನೂನಿನಲ್ಲೇ ಒಂದು ವಿಷಯ ಸೇರಿಸಿದರು. ಗ್ಯಾಸ್ ತೆಗೆಯುವುದರಿಂದ ರೈತನ ಬೋರ್‌ವೆಲ್ಲಿನ ನೀರು ಇಳಿದರೆ ಕಂಪನಿ ಅದನ್ನು ಆಳ ಮಾಡಿ ಕೊಡಬೇಕು, ಅಥವಾ ಬೇರೆ ನೀರು, ಇಲ್ಲದಿದ್ದರೆ ಪರಿಹಾರ. ನಮ್ಮಲ್ಲಿ ಸರ್ವೆಗೆ ಜನ ಬಂದ ಮೊದಲ ದಿನವೇ ವಾರ್ಡಿನವರು ಒಟ್ಟಿಗೆ ಕೂತು, ಯಾರೂ ಒಬ್ಬೊಬ್ಬರೇ ಸಹಿ ಹಾಕುವುದಿಲ್ಲ, ದರ ಎಲ್ಲರೆದುರು ಹೇಳಿ, ಬಾವಿ ನೀರಿನ ಪರೀಕ್ಷೆ ಮೊದಲು, ನೋಟೀಸ್ ಕನ್ನಡದಲ್ಲಿ, ಕೆಲಸ ಮುಗಿದ ಮೇಲೆ ಹೊಣೆ ಯಾರದ್ದು ಅಂತ ಫೋನ್ ನಂಬರ್ ಸಮೇತ ಬರೆದುಕೊಡಿ ಎಂದು ಕೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಪೈಪು ಹೂತಾಯಿತು, ಮಣ್ಣೂ ಮುಚ್ಚಿಯಾಯಿತು. ಮಗಳ ಮದುವೆ ಇನ್ನೂ ಆಗಿಲ್ಲ ಅಂತಾದರೆ ಕರೆಯುವ ಮೊದಲೇ ಹೋಗಿ, ಚಪ್ಪರದ ಕೆಲಸಕ್ಕೆ ಕೈ ಹಾಕಿ. ದೊಡ್ಡಪ್ಪನಿಗೆ ಬಾಕಿ ಪರಿಹಾರದ ಕಂತು ಬಂದಿದೆಯಾ ಅಂತಲೂ ಕೇಳಿ, ಬರದಿದ್ದರೆ ಇಬ್ಬರೂ ಸೇರಿ ಒಂದು ಅರ್ಜಿ ಬರೆಯಿರಿ. ಬರೆಯಲು ಕಷ್ಟ ಅನಿಸಿದರೆ ನಮಗೆ ಕಳಿಸಿ, ನಮೂನೆ ಮಾಡಿ ಕೊಡುತ್ತೇವೆ.